ಬಾಚಿ ಲೇಖನದ ಬಗ್ಗೆ ಮೇಷ್ಟ್ರಿಗೆ ನಾಲ್ಕು ಮಾತು

ಮೇಷ್ಟ್ರೇ, ನಮಸ್ಕಾರ.

‘ಮರೆಯಾದ ನಮ್ಮ ಪರಿಕರಗಳು’ ಲೇಖನ, ಅದರ ಜೊತೆಗಿನ ಫೋಟೊಗಳು ತಲುಪಿವೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ನಿಮ್ಮನ್ನು ಕಾಯಿಸುವುದು ಬೇಡ. ಹಾಗಂತ ಪಕ್ಕಕ್ಕೆ ಇಟ್ಟುಬಿಡುವ ಲೇಖನವೂ ಅಲ್ಲ. ನಿಮ್ಮ ಹತ್ತಿರ ಸರಕು ಜೋರಾಗಿದೆ. ಬರಹಕ್ಕೆ ಇಳಿದಿಲ್ಲ, ಅಷ್ಟೇ.

ಈ ಉತ್ತರವನ್ನು ‘ಬರಹಗಾರರಿಗೆ ಸಲಹೆ’ ಪುಟದಲ್ಲಿ ಹಾಕುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ. ಲೇಖನ ಓದದವರಿಗಾಗಿ ಹೇಳುವುದಾದರೆ, ಇವರು ಮಧುಗಿರಿ ಕಡೆಯ ನಿವೃತ್ತ ಮೇಷ್ಟ್ರು. ಗುಜರಿ ಅಂಗಡಿ, ಅಟ್ಟ, ಹಿತ್ತಿಲು ಎಲ್ಲ ತಡಕಿ ಮರ ಕೆತ್ತುವ ಬಾಚಿ, ಉಳಿ, ತೂತು ಕೊರೆಯುವ ಬೈರಿಗೆ, ಮರ ನಯ ಮಾಡುವ ಹತ್ತರಿ, ಗರಗಸ, ಬಿತ್ತನೆಯ ಕೂರಿಗೆ, ಕುಡುಗೋಲು ಅಂತ ದೊಡ್ಡ ರಾಶಿ ಮಾಡಿದ್ದಾರೆ. ಉಜ್ಜಿ ತೊಳೆದು ಮನೆಯ ಗೋಡೆ ಮೇಲೆ ಸಾಲಾಗಿ ನೇತುಹಾಕಿದ್ದಾರೆ. ಹೇಗೆ ಕೂಡಿಹಾಕಿದೆ, ಹೇಗೆ ಕಾಪಾಡುತ್ತಿದ್ದೇನೆ ಅನ್ನುವುದು ಲೇಖನದ ವಿಷಯ.

ಮೊದಲ ಎರಡು ಪುಟ ಪೂರ್ತಿ ತೆಗೆದುಬಿಡಿ. ‘ಜಾಗತೀಕರಣದ ಅಬ್ಬರದಲ್ಲಿ ನಮ್ಮ ಪೂರ್ವಜರ ಪರಿಕರಗಳು ಕಣ್ಮರೆಯಾಗುತ್ತಿರುವುದು ಶೋಚನೀಯ’ ಅಂತ ಶುರು ಮಾಡಿದ್ದೀರಿ. ಈ ವಾಕ್ಯದಲ್ಲಿ ಪರಿಕರ ತೆಗೆದು ಗುಬ್ಬಚ್ಚಿ ಹಾಕಿ, ಬೀಸುವ ಕಲ್ಲು ಹಾಕಿ, ಬುಗುರಿ ಹಾಕಿ, ನಡೆಯುತ್ತದೆ. ಹಾಗೆ ಹಾಕಿದ ಲೇಖನಗಳು ನನ್ನ ಮೇಜಿಗೆ ಪ್ರತಿ ತಿಂಗಳು ಬರುತ್ತವೆ. ಕರೆಂಟಿನ ಹತ್ತರಿ ಬಂದದ್ದು ಶೋಚನೀಯವಾ ಅಂತ ಯಾವ ಬಡಗಿಯನ್ನಾದರೂ ಕೇಳಿ ನೋಡಿ. ಭುಜ ಮುಟ್ಟಿಕೊಂಡು ನಗುತ್ತಾನೆ.

‘ವಿದ್ಯುತ್ ಬಂದಿತು, ಕೈ ಉಪಕರಣಗಳು ಸತ್ತವು’ ಅಂತಲೂ ಬರೆದಿದ್ದೀರಿ. ಅಷ್ಟು ಸಲೀಸಾಗಿ ಸಾಯಲಿಲ್ಲ ಮೇಷ್ಟ್ರೇ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು 1902ರಲ್ಲಿ. ಅದಾದ ಮೇಲೂ ಎಷ್ಟೋ ದಶಕ ಅದೇ ಸೀಮೆಯ ಬಡಗಿ ಕೈಯಲ್ಲೇ ಗರಗಸ ಎಳೆದ. ತಂತಿ ಊರ ಮೇಲೆ ಹಾದುಹೋಗುವುದು ಬೇರೆ, ಬಡಗಿಯ ಕೊಟ್ಟಿಗೆಯೊಳಗೆ ಬರುವುದು ಬೇರೆ.

ಈಗ ನಾಲ್ಕನೇ ಪುಟ. ಇಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ‘ಕೊರಟಗೆರೆಯ ಗುಜರಿಯಲ್ಲಿ ಒಂದು ಬಾಚಿ ಸಿಕ್ಕಿತು. ತೂಕದ ಲೆಕ್ಕದಲ್ಲಿ ಕೊಟ್ಟರು. ಅದರ ಬಾಯಿ ಒಂದು ಮೂಲೆಯಲ್ಲಿ ಹೆಚ್ಚು ಸವೆದಿತ್ತು. ನನ್ನಲ್ಲಿರುವ ಇನ್ನೊಂದು ಬಾಚಿಗಿಂತ ಎರಡು ಬೆರಳು ಗಿಡ್ಡ.’ ಒಳ್ಳೆಯ ಸಾಲುಗಳು. ಇವನ್ನು ಬರೆದವರು ನೋಡಲು ಗೊತ್ತಿರುವವರು. ಆದರೆ ಮುಂದಿನ ವಾಕ್ಯದಲ್ಲೇ ‘ಇಂತಹ ಅಮೂಲ್ಯ ಪರಂಪರೆ’ ಅಂತ ಹಾರಿಬಿಟ್ಟಿರಿ! ಅಲ್ಲೇ ನಿಲ್ಲಬೇಕಿತ್ತು.

ಆ ಎರಡು ಬೆರಳು ಕಬ್ಬಿಣ ಎಲ್ಲಿ ಹೋಯಿತು? ಸಾಣೆಕಲ್ಲಿಗೆ ಹೋಯಿತು. ಎರಡೂ ಬಾಚಿ ಒಂದೇ ಅಳತೆಯಲ್ಲಿ ಹುಟ್ಟಿದ್ದರೆ, ಅಷ್ಟು ಸವೆಯಲು ಒಬ್ಬ ಬಡಗಿಯ ಕೆಲಸದ ಆಯಸ್ಸಿನ ದೊಡ್ಡ ಪಾಲೇ ಬೇಕು. ಊರ ಕುಲುಮೆಯಲ್ಲಿ ಮಾಡಿದ ಬಾಚಿ, ಉಳಿಗಳಲ್ಲಿ ಮೈಯೆಲ್ಲ ಮೆತ್ತನೆ ಕಬ್ಬಿಣ ಇಟ್ಟು ಬಾಯಿಗೆ, ಅಂದರೆ ಹರಿತದ ಅಂಚಿಗೆ ಮಾತ್ರ ಉಕ್ಕು ಬೆಸೆದಿರುವುದು ಉಂಟು. ಉಕ್ಕು ದುಬಾರಿ, ಅದಕ್ಕೆ. ಬಾಚಿಯನ್ನು ಮೆಲ್ಲಗೆ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಾಯಿಯ ಹತ್ತಿರ ಬಣ್ಣ ಬದಲಾಗುವ ಒಂದು ಗೆರೆ ಕಂಡರೂ ಕಾಣಬಹುದು. ಕಂಡರೆ, ಆ ಗೆರೆಯಿಂದ ಬಾಯಿಯ ತುದಿಗೆ ಎಷ್ಟು ಉಕ್ಕು ಉಳಿದಿದೆ ಅಳೆಯಿರಿ. ಮುಗಿಯುತ್ತಾ ಬಂದಿದ್ದರೆ, ಅದನ್ನು ಯಾರೂ ಅಸಡ್ಡೆಯಿಂದ ಗುಜರಿಗೆ ಎಸೆದಿರಲಿಕ್ಕಿಲ್ಲ. ಮಾಡುವಷ್ಟು ಕೆಲಸ ಮಾಡಿಯೇ ಅದು ಅಲ್ಲಿಗೆ ಬಂದಿರಬಹುದು. ಹಾಗಾದರೆ ನಿಮ್ಮ ಮೊದಲೆರಡು ಪುಟದ ಗೋಳು ಈ ಬಾಚಿಗೆ ಅನ್ವಯಿಸುವುದೇ ಇಲ್ಲ, ಅಲ್ವಾ?

ಮೂಲೆ ಯಾಕೆ ಸವೆದಿದೆ? ಹಿಡಿದವನು ಎಡಚನೇ? ಮೊಳೆಗೆ ತಾಗಿ ಮುಕ್ಕಾದದ್ದನ್ನು ಉಜ್ಜಿ ಸರಿಮಾಡಿದ್ದಾನೆಯೇ? ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಬಾಚಿ ಹಿಡಿದವರ ಹತ್ತಿರ ಇರುತ್ತದೆ. ಕಾವಿನ, ಅಂದರೆ ಹಿಡಿಯ ವಿಷಯವೂ ಅಷ್ಟೇ. ‘ಸುಂದರವಾದ ಮರದ ಕಾವು’ ಅಂದಿದ್ದೀರಿ. ಯಾವ ಮರ? ಜಾಲಿಯೋ, ದಿಂಡಿಗವೋ? ಉಳಿಗೆ ಹೊಡೆಯುವ ಕೊಡತಿಗೆ ಹುಣಸೆ ಯಾಕೆ ಹುಡುಕುತ್ತಿದ್ದರು? ಎಳೆ ಎಳೆಯಾಗಿ ಸೀಳದೆ ಏಟು ತಡೆಯುತ್ತದೆ ಅಂತ. ಇಂಥ ಒಂದು ಮಾತು ನಿಮ್ಮ ‘ಸುಂದರ’ಕ್ಕಿಂತ ಜಾಸ್ತಿ ಹೇಳುತ್ತದೆ. ಬಡಗಿಗೆ, ಕಮ್ಮಾರನಿಗೆ ಸುಗ್ಗಿಯಲ್ಲಿ ಕಣದಿಂದಲೇ ವರ್ಷದ ಕೆಲಸಕ್ಕೆ ಆಯದ ರಾಗಿ ಅಳೆದು ಕೊಡುತ್ತಿದ್ದರಲ್ಲ, ಆ ಲೆಕ್ಕ ನಿಮ್ಮ ಊರಲ್ಲಿ ಹೇಗಿತ್ತು? ಲೇಖನದಲ್ಲಿ ಒಂದು ಗೆರೆಯೂ ಇಲ್ಲ. ಒಟ್ಟಿನಲ್ಲಿ ನನ್ನ ತಕರಾರು ಒಂದೇ. ಲೇಖನದ ತುಂಬ ಸಾಮಾನು ಇದೆ, ಅದನ್ನು ಹಿಡಿದು ಕೆಲಸ ಮಾಡಿದವರು ಯಾರೂ ಇಲ್ಲ.

ಇನ್ನು ಐದನೇ ಪುಟ. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ‘ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿಸಿ ತುಕ್ಕೆಲ್ಲ ತೆಗೆಸಿದೆ. ಕಬ್ಬಿಣಕ್ಕೆ ಕಪ್ಪು ಪೇಂಟು, ಮರಕ್ಕೆ ವಾರ್ನಿಷ್ ಹೊಡೆಸಿದೆ. ಈಗ ಹೊಸದರಂತೆ ಮಿಂಚುತ್ತಿವೆ.’ ಇದನ್ನು ಸಲಹೆ ಅಂತ ಅಚ್ಚು ಹಾಕಿದರೆ, ಓದಿದವರು ನಾಳೆಯೇ ಅಜ್ಜನ ಉಳಿಯನ್ನು ವೆಲ್ಡಿಂಗ್ ಶಾಪಿಗೆ ಒಯ್ಯುತ್ತಾರೆ. ಆ ಪಾಪ ನನಗೆ ಬೇಡ.

ತಂತಿ ಬ್ರಷ್ಷಿಗೆ ತುಕ್ಕು ಯಾವುದು, ಗುರುತು ಯಾವುದು ಗೊತ್ತಾಗುವುದಿಲ್ಲ. ಕಮ್ಮಾರನ ಸುತ್ತಿಗೆ ಏಟು, ಮಾಡಿದವನ ಮುದ್ರೆ, ಅರದ ಗೆರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಗ್ರೈಂಡರ್ ಚಕ್ರಕ್ಕೆ ತೆಳು ಬಾಯಿ ಕೊಟ್ಟರೆ ಉಕ್ಕು ಕಾಯುತ್ತದೆ. ಸುಮಾರು 300 ಡಿಗ್ರಿ ಮುಟ್ಟಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಬಂತು ಅಂದರೆ ಹದ ಹೋಯಿತು ಅಂತಲೇ ಅರ್ಥ. ಮೇಲೆ ಪೇಂಟು ಹೊಡೆದರೆ ಒಳಗೆ ಉಳಿದ ತುಕ್ಕು ಕಾಣದ ಹಾಗೆ ತಿನ್ನುತ್ತಾ ಹೋಗುತ್ತದೆ. ವಾರ್ನಿಷ್ ಹಾಕಿದ ಕಾವಿನಲ್ಲಿ ಕೈಯ ಬೆವರು, ಎಣ್ಣೆ ಕುಡಿದು ಬಂದ ನುಣುಪು ಮುಚ್ಚಿಹೋಗುತ್ತದೆ.

ನಿಮ್ಮ ಮೂರನೇ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಬೈರಿಗೆಯದು. ಮರ, ಕಬ್ಬಿಣ ಕೂಡುವ ಸಂದಿಯಲ್ಲಿ, ಬಳೆ ಹಾಕಿದ ಜಾಗದ ಕೆಳಗೆ, ಒಂದಿಷ್ಟು ಒಣಗಿದ ಕುಂಕುಮ ಇದೆ. ಕೆಳಗಿನ ಪದರ ಕಪ್ಪು ತಿರುಗಿದೆ. ಅದರ ಮೇಲೆ ಅರಿಶಿನ, ಅದರ ಮೇಲೆ ಮತ್ತೆ ಕೆಂಪು. ಬ್ರಷ್ ಅಷ್ಟು ಒಳಗೆ ಹೋಗಿಲ್ಲ, ಹಾಗಾಗಿ ಬಚಾವಾಗಿದೆ. ಒಂದರ ಮೇಲೊಂದು ಆಯುಧಪೂಜೆ ಅಲ್ಲಿ ಕೂತಿವೆ. ಬೇರೆ ಯಾವ ಸಾಮಾನಿನ ಮೇಲೂ ನೀವು ಇದನ್ನು ಉಳಿಸಿಲ್ಲ. ಇದರ ಬಗ್ಗೆ ಒಂದು ಪ್ಯಾರಾ ಬೇಕು ನನಗೆ. ದಯವಿಟ್ಟು ಅದನ್ನು ಹಲ್ಲುಜ್ಜುವ ಬ್ರಷ್ ತಗೊಂಡು ‘ಕ್ಲೀನ್’ ಮಾಡಬೇಡಿ.

ಹಾಗಾದರೆ ತುಕ್ಕಿಗೆ ಏನು ಮಾಡುವುದು? ಪುಡಿ ಪುಡಿಯಾಗಿ ಉದುರುವ ಕೆಂಪು ತುಕ್ಕು ಮಾತ್ರ ಹೋಗಬೇಕು. ಗಟ್ಟಿಯಾಗಿ ಕೂತ ಕಂದು, ಕಪ್ಪು ಪದರ ಇರಲಿ. ಮೊದಲು ಒಣ ಮೆದು ಬ್ರಷ್ಷಿನಲ್ಲಿ ಧೂಳು ಹೊಡೆಯಿರಿ. ಹೊಲಿಗೆ ಮಿಷನ್ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಆಮೇಲೆ ನಾಲ್ಕು ಸೊನ್ನೆಯ ಸ್ಟೀಲ್ ವುಲ್ ಅಂತ ಬರುತ್ತದೆ, ತುಂಬ ನಯ, ಅದರಲ್ಲಿ ಒತ್ತದೆ ಉಜ್ಜಿ. ಬಟ್ಟೆಗೆ ಕೆಂಪು ಹತ್ತುವುದು ನಿಂತಾಗ ನೀವೂ ನಿಲ್ಲಿ. ಎಣ್ಣೆ ಒರೆಸಿ ತೆಳ್ಳಗೆ ಮೇಣ ಹಚ್ಚಿ. ವಸ್ತುಸಂಗ್ರಹಾಲಯದವರು ಮೈಕ್ರೋಕ್ರಿಸ್ಟಲೈನ್ ಮೇಣ ಬಳಸುತ್ತಾರೆ. ನೀವು ಬರೆದ ಹಾಗೆ ಕೊಬ್ಬರಿ ಎಣ್ಣೆ ಬೇಡ. ತಿಪಟೂರಿನವರಿಗೆ ಕೋಪ ಬರಬಹುದು, ಆದರೆ ಅದು ಕಮಟುತ್ತದೆ, ಧೂಳು ಹಿಡಿದು ಜಿಡ್ಡಾಗುತ್ತದೆ. ವಿನಿಗರ್‌ನಲ್ಲಿ ನೆನೆಹಾಕುವುದೂ ಬೇಡ. ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ.

ಕಾವಿನ ಕೆಳಗೆ ಸಣ್ಣ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ. ಅದನ್ನು ಬೇರೆಯವುಗಳಿಂದ ದೂರ ಇಡಿ. ಒಣಗಿ ಸೀಳುತ್ತಿರುವ ಮರಕ್ಕೆ ಅಗಸೆ ಎಣ್ಣೆ ಒಂದು ಹನಿ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ. ಗೋಡೆಯ ಮಾತು ಬಂದರೆ, ಮಳೆ ಎರಚಲು ಹೊಡೆಯುವ ಗೋಡೆ ಬೇಡ. ಕಾವಿಗೆ ತೂತು ಕೊರೆದು ಮೊಳೆ ಹಾಕಿರುವುದು ಏಳನೇ ಫೋಟೊದಲ್ಲಿ ಕಾಣುತ್ತದೆ. ಆದದ್ದಾಯಿತು, ಇನ್ನು ಮುಂದೆ ಬಟ್ಟೆ ಸುತ್ತಿದ ಕೊಕ್ಕೆ ಮೇಲೆ ಕೂರಿಸಿ. ನಮ್ಮದು ಒಣ ಸೀಮೆ, ಪುಣ್ಯ. ಮಂಗಳೂರಿನಲ್ಲಿ ಆಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಪುಡಿಯಾಗಿರುತ್ತಿತ್ತು.

ಕಾಲದ ಬಗ್ಗೆ. ‘ಬ್ರಿಟಿಷರ ಕಾಲದ, ಇನ್ನೂರು ವರ್ಷ ಹಳೆಯ ಹತ್ತರಿ’ ಅಂತ ಒಂದು ಫೋಟೊದ ಕೆಳಗಿದೆ. ಫೋಟೊದಲ್ಲಿ ಕಬ್ಬಿಣದ ಮೈ, ಅದರ ಮೇಲೆ ‘ಸ್ಟಾನ್ಲಿ’ ಅಂತ ಹೆಸರು, ಜೊತೆಗೆ ‘ಮೇಡ್ ಇನ್ ಇಂಗ್ಲೆಂಡ್’. ಅಮೆರಿಕದ ಸ್ಟಾನ್ಲಿ ಕಂಪನಿ ಲೆನಾರ್ಡ್ ಬೈಲಿ ಎಂಬಾತನ ಪೇಟೆಂಟುಗಳನ್ನು ಕೊಂಡು ಈ ಬಗೆಯ ಹತ್ತರಿ ಶುರು ಮಾಡಿದ್ದೇ 1869ರಲ್ಲಿ. ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಅವರ ಹತ್ತರಿ ತಯಾರಾಗತೊಡಗಿದ್ದು 1930ರ ದಶಕದಲ್ಲಿ. ಅಂದರೆ ನಿಮ್ಮದು ನೂರು ವರ್ಷವೂ ಆಗಿರದ ಸಾಮಾನು. ಒಳ್ಳೆಯ ಹತ್ತರಿಯೇ, ಅದರಲ್ಲಿ ಅನುಮಾನವಿಲ್ಲ. ವಯಸ್ಸು ಕಟ್ಟುವಾಗ ಸಾಮಾನಿನ ಮೇಲೆ ಏನಿದೆ ನೋಡಿ, ಅಷ್ಟನ್ನೇ ಹೇಳಿ. ಅಂಗುಲದ ಗುರುತು ಮಾತ್ರ ಇರುವ ಅಳತೆಕಡ್ಡಿ ನಿಮ್ಮಲ್ಲಿದೆಯಲ್ಲ, ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ, ಅದು ಒಂದು ಸುಳಿವು. ಸುಳಿವು ಅಂತಲೇ ಬರೆಯಿರಿ.

ಅಂದಹಾಗೆ, ಕೊನೆಯಲ್ಲಿ ಅಮೆರಿಕದ ನೆಂಟರಿಗೆ ಎರಡು ಕಳಿಸುವ ಆಸೆ ಇದೆ ಅಂದಿದ್ದೀರಿ. ನೂರು ವರ್ಷ ದಾಟಿದ ಕರಕುಶಲದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರಬಹುದು. ಅಂಥವನ್ನು ಖಾಸಗಿಯವರು ದೇಶದ ಆಚೆ ಕಳಿಸುವಂತಿಲ್ಲ. ಆ ಸಾಲು ತೆಗೆಯಿರಿ, ಆಸೆಯನ್ನೂ ಬಿಡಿ.

‘ನಮ್ಮ ಭಾಗದಲ್ಲಿ ಇಂತಹ ಇತಿಹಾಸವೇನೂ ಉಳಿದಿಲ್ಲ’ ಅನ್ನುವ ವಾಕ್ಯ ಓದಿ ನನಗೆ ಆಶ್ಚರ್ಯವಾಯಿತು. ಮಧುಗಿರಿಯವರು ಹೀಗೆ ಬರೆಯುವುದೇ? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಿಮ್ಮ ಸುತ್ತಮುತ್ತಲೇ ಕಬ್ಬಿಣ ಕರಗಿಸುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಮಾಡುತ್ತಿದ್ದರು. ಅಲ್ಲಿ ದುಡಿದವರ ಮನೆಯಲ್ಲಿ ಸಣ್ಣ ಚಿಮುಟ, ಕಣ್ಣಿಗೆ ಹಾಕುವ ಮಸೂರ ಇನ್ನೂ ಇರುತ್ತವೆ. ಅವೂ ಕೈ ಉಪಕರಣಗಳೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಇಳಿದವರು ಇನ್ನೂ ಇದ್ದಾರೆ. ಮಾಲೂರಿನ ಶಿವಾರಪಟ್ಟಣಕ್ಕೆ ಹೋದರೆ ಕಲ್ಲುಕೆತ್ತುವ ಉಳಿಗಳು ಗೋಡೆ ಮೇಲಿಲ್ಲ, ಕೈಯಲ್ಲೇ ಇವೆ.

ಜೋಡಿಸುವ ಕ್ರಮದ ಬಗ್ಗೆ ಒಂದು ಮಾತು. ನೀವು ದೊಡ್ಡದರಿಂದ ಚಿಕ್ಕದಕ್ಕೆ, ನವಿಲುಗರಿ ಬಿಚ್ಚಿದ ಹಾಗೆ ನೇತುಹಾಕಿದ್ದೀರಿ. ನೋಡಲು ಚೆಂದ, ಏನೂ ತಿಳಿಯುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೆನ್ರಿ ಮರ್ಸರ್ ಅಂತ ಒಬ್ಬರಿದ್ದರು. 1897ರಲ್ಲಿ ಒಲೆಯ ಸಾಮಾನು ಹುಡುಕಿಕೊಂಡು ಹಳೇ ಸಾಮಾನಿನವನ ಹತ್ತಿರ ಹೋದವರು, ಅಲ್ಲಿದ್ದ ರಾಶಿ ನೋಡಿ ಸಂಗ್ರಹಕ್ಕೇ ಇಳಿದುಬಿಟ್ಟರು. 1916ರಲ್ಲಿ ಅದಕ್ಕೆಂದೇ ಕಾಂಕ್ರೀಟಿನ ಕಟ್ಟಡ ತೆರೆದರು. ಅವರು ಉಪಕರಣಗಳನ್ನು ಕಸುಬಿನ ಪ್ರಕಾರ ಗುಂಪು ಮಾಡಿದರು. ನೀವೂ ಹಾಗೆ ಮಾಡಿ. ಒಂದು ಗಾಡಿಯ ಚಕ್ರ ಮಾಡಲು ಏನೇನು ಬೇಕೋ ಅಷ್ಟು ಒಂದು ಕಡೆ, ಮರ ಸೀಳುವುದರಿಂದ ಹಿಡಿದು ಕಬ್ಬಿಣದ ಪಟ್ಟಾ ಹಾಕುವವರೆಗೆ. ಪ್ರತಿಯೊಂದಕ್ಕೂ ಹತ್ತಿ ದಾರದಲ್ಲಿ ಒಂದು ಚೀಟಿ ಕಟ್ಟಿ. ಯಾವ ಊರು, ಯಾರ ಮನೆ, ಯಾವತ್ತು ಸಿಕ್ಕಿತು, ಯಾರು ಏನು ಹೇಳಿದರು, ಎಲ್ಲ ಪೆನ್ಸಿಲ್‌ನಲ್ಲಿ ಬರೆಯಿರಿ. ಗೋಂದಿನ ಸ್ಟಿಕ್ಕರ್ ಅಂಟಿಸಬೇಡಿ.

ಕಾಗುಣಿತ ಪರವಾಗಿಲ್ಲ. ಕೊನೆಯ ಪದ್ಯ ಬೇಡ.

ಏಳನೇ ಪುಟದಲ್ಲಿ ಒಬ್ಬ ಹಿರಿಯ ಬಡಗಿ ಹಾಗೆ ಬಂದು ಹೀಗೆ ಹೋಗುತ್ತಾರೆ. ‘ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ’ ಅಂತ ಒಂದೇ ಸಾಲು. ಆ ಬಾಚಿಯನ್ನು ತಗೊಂಡು ಅವರ ಮನೆಗೆ ಹೋಗಿ. ಕೈಗೆ ಕೊಡಿ. ಬಾಯಿ ಸವರಿ ಏನು ಹೇಳುತ್ತಾರೋ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ನಡುವೆ ಮಾತಾಡಬೇಡಿ. ಲೇಖನ ಅಲ್ಲಿಂದ ಶುರುವಾಗಲಿ, ಸಾವಿರದ ಇನ್ನೂರು ಪದ ದಾಟದಿರಲಿ. ಫೋಟೊ ನಾಲ್ಕು ಸಾಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಬೆಳಗಿನ ಬೆಳಕಿನಲ್ಲಿ ತೆಗೆಯಿರಿ, ಒಂದಾದರೂ ಬಾಯಿಯ ಹತ್ತಿರದಿಂದ ಇರಲಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ಮಸುಕಾಗುತ್ತವೆ, ಮೇಲ್ ಮಾಡಿ. ಆಯುಧಪೂಜೆಗೆ ಮೂರು ವಾರ ಮೊದಲು ಕೈಸೇರಿದರೆ ಆ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.