ಲಾಂಗೊಲೆನ್ ಕಾಲುವೆ, ಇಬ್ಬರೇ ಹೋಗುವವರಿಗೆ: ಲಾಕ್‌ಗಳ ಬಗ್ಗೆ ನೀವು ಕೇಳಿದ್ದಕ್ಕೆ

ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಇಂಗ್ಲೆಂಡಿನ ನಾಂಟ್‌ವಿಚ್ ಹತ್ತಿರ ಕಟ್ಟಿ ನಿಲ್ಲಿಸಿರುವ ನಿಮ್ಮದೇ 57 ಅಡಿಯ ನ್ಯಾರೋಬೋಟ್ (ಕಾಲುವೆಗೆಂದೇ ಮಾಡಿದ ಕಿರಿದಾದ ದೋಣಿ), ಹದಿನಾಲ್ಕು ದಿನ ರಜೆ, ವೇಲ್ಸ್‌ನ ಲಾಂಗೊಲೆನ್‌ವರೆಗೆ ಹೋಗಿ ಬರುವ ಆಸೆ. ಲಾಕ್ ಅಂದರೆ ಮೇಲೊಂದು ಕೆಳಗೊಂದು ಗೇಟ್ ಇರುವ ತೊಟ್ಟಿ, ನೀರು ತುಂಬಿಸಿ ಇಲ್ಲವೇ ಖಾಲಿ ಮಾಡಿ ಬೋಟನ್ನು ಏರಿಸೋದು ಇಳಿಸೋದು ಅಲ್ಲಿ. ನಿಮ್ಮ ಮನೆಯವರಿಗೆ ಲಾಕ್ ಅಂದರೆ ಭಯ, ಅದಕ್ಕೇ ಬೋಟ್ ನೀವು ನಡೆಸಿ, ಲಾಕ್ ತೆಗೆಯುವ ಕೆಲಸ ಅವರಿಗೆ ಬಿಡ್ತೀನಿ ಅಂದಿದ್ದೀರಿ. ದಯವಿಟ್ಟು ಇದನ್ನು ಅದಲುಬದಲು ಮಾಡಿಕೊಳ್ಳಿ.

ನಾವೂ ಹಾಗೇ ಶುರು ಮಾಡಿದ್ದು. ನಮ್ಮವರು ಹಿಂದೆ ಟಿಲ್ಲರ್ (ಚುಕ್ಕಾಣಿಯ ಹಿಡಿ) ಹಿಡಿದು ನಿಲ್ಲೋರು, ನಾನು ವಿಂಡ್‌ಲಾಸ್ (ಪ್ಯಾಡಲ್ ಎತ್ತುವ ಕೈಹಿಡಿ) ಹಿಡಕೊಂಡು ದಡದ ಮೇಲೆ ಓಡಾಡ್ತಿದ್ದೆ. ಮೈಕಷ್ಟ ಇರೋದೆಲ್ಲ ದಡದಲ್ಲೇ. ಗೇಟಿನ ತೊಲೆಗೆ ಬೆನ್ನು ಕೊಟ್ಟು ನೂಕಬೇಕು. ಪ್ಯಾಡಲ್ ಅಂದರೆ ನಮ್ಮ ಕೆರೆ ತೂಬಿನ ಹಲಗೆ ಇದ್ದ ಹಾಗೆ, ಕೆಲವು ಲಾಕ್‌ಗಳಲ್ಲಿ ಅದನ್ನು ಎತ್ತೋಕೆ ಎರಡೂ ಕೈಯ ಬಲ ಬೇಕು. ಟಿಲ್ಲರ್‌ಗೆ ಬಲ ಬೇಡ, ತಾಳ್ಮೆ ಬೇಕು. ಬೋಟ್ ತಿರುಗೋದು ಮೂತಿಯಿಂದಲ್ಲ, ನಡುವಿನಿಂದ. ಪ್ರೊಪೆಲ್ಲರ್ ತಿರುಗದಿದ್ದರೆ ಚುಕ್ಕಾಣಿ ಕೆಲಸ ಮಾಡಲ್ಲ. ಇವೆರಡು ಕೈಗೆ ಹತ್ತೋಕೆ ಖಾಲಿ ಕಾಲುವೆಯಲ್ಲಿ ಅರ್ಧ ದಿನ ಸಾಕು. ಈಗ ಟಿಲ್ಲರ್ ನನ್ನದು, ದಡ ಅವರದು.

ದಿನಗಳ ಲೆಕ್ಕ ಸುಲಭ. ಮೈಲಿಗೆ ಲಾಕ್‌ಗಳ ಸಂಖ್ಯೆ ಕೂಡಿಸಿ 3ರಿಂದ ಭಾಗಿಸಿದರೆ ಗಂಟೆ ಸಿಗುತ್ತೆ. ಈ ಕಾಲುವೆ ಶುರುವಾಗುವ ಹರ್ಲ್‌ಸ್ಟನ್‌ನಿಂದ ಲಾಂಗೊಲೆನ್‌ಗೆ ಸುಮಾರು 45 ಮೈಲಿ, 21 ಲಾಕ್, ಅಂದರೆ 22 ಗಂಟೆ. ಹೋಗುವಾಗ ಅದಕ್ಕಿಂತ ಹೆಚ್ಚೇ ಹಿಡಿಯುತ್ತೆ, ಯಾಕಂದರೆ ಈ ಕಾಲುವೆಯಲ್ಲಿ ನೀರು ಹರೀತಾ ಇರುತ್ತೆ. ಲಾಂಗೊಲೆನ್ ಮೇಲೆ ಹಾರ್ಸ್‌ಶೂ ಫಾಲ್ಸ್ ಅನ್ನೋ ಕಟ್ಟೆಯಲ್ಲಿ ಡೀ ನದಿಯ ನೀರು ಒಳಗೆ ಬಂದು, ಇಷ್ಟೂ ದೂರ ಹರಿದು ಹರ್ಲ್‌ಸ್ಟನ್ ಜಲಾಶಯ ಸೇರುತ್ತೆ, ಕುಡಿಯುವ ನೀರಿಗೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಲಾಕ್‌ನಲ್ಲಿ ತಪ್ಪಾಗೋದು ಸುಸ್ತಾದ ಮೇಲೆ, ಸಂಜೆ ಹೊತ್ತಲ್ಲಿ.

ಈಗ ನಿಮ್ಮ ಮನೆಯವರ ಭಯದ ಮಾತು. ಅದು ಸುಮ್ಮನೆ ಭಯ ಅಲ್ಲ. ಮೇಲಿನ ಗೇಟಿನ ಬುಡದಲ್ಲಿ ಲಾಕಿನ ಒಳಕ್ಕೆ ಚಾಚಿದ ಒಂದು ಕಟ್ಟೆ ಇರುತ್ತೆ, ಸಿಲ್ ಅಂತಾರೆ. ಲಾಕ್ ತುಂಬಿದಾಗ ಕಾಣಲ್ಲ. ಅದೆಲ್ಲಿವರೆಗೆ ಇದೆ ಅಂತ ತೋರಿಸೋಕೆ ಪಕ್ಕದಲ್ಲಿ ಬಿಳಿ ಗೆರೆ ಬಳಿದಿರುತ್ತಾರೆ. ಇಳಿಯುವಾಗ ಬೋಟಿನ ಹಿಂಭಾಗ ಆ ಗೆರೆಯಿಂದ ಮುಂದೆ ಇರಲೇಬೇಕು.

ನಮ್ಮ ಎರಡನೇ ಪ್ರಯಾಣದಲ್ಲಿ, ವಾಪಸ್ ಇಳಿಯುವಾಗ, ಕೆಳಗಿನ ಗೇಟಿಗೆ ಗುದ್ದಬಾರದು ಅಂತ ನಮ್ಮವರು ರಿವರ್ಸ್ ಹಾಕಿದರು, ನ್ಯೂಟ್ರಲ್‌ಗೆ ತರೋದು ಮರೆತರು. ನಾನು ಎರಡೂ ಪ್ಯಾಡಲ್ ಪೂರ್ತಿ ಎತ್ತಿಬಿಟ್ಟಿದ್ದೆ. ಬೋಟ್ ಇಷ್ಟಿಷ್ಟೇ ಹಿಂದಕ್ಕೆ ಸರೀತಿತ್ತು. ಮೊದಲು ಕೇಳಿದ್ದು ಕಲ್ಲಿಗೆ ಕಬ್ಬಿಣ ಉಜ್ಜಿದ ಸದ್ದು. ಆಮೇಲೆ ಒಳಗೆ ಲೋಟ ತಟ್ಟೆ ಒಂದೊಂದೇ ಜಾರಿ ಬೀಳೋ ಸದ್ದು. ಹಿಂಭಾಗ ಸಿಲ್ ಮೇಲೆ ಕೂತುಬಿಟ್ಟಿತ್ತು, ಮೂತಿ ನೀರಿನ ಜೊತೆ ಕೆಳಗೆ ಹೋಗ್ತಿತ್ತು. ಅವರು ಕೂಗಿದ್ದು ಇಂಜಿನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಮುಖ ನೋಡಿ ಗೊತ್ತಾಯಿತು. ಕೆಳಗಿನ ಪ್ಯಾಡಲ್ ಎರಡನ್ನೂ ಇಳಿಸಿ, ಮೇಲಿನದಕ್ಕೆ ಓಡಿ ಸ್ವಲ್ಪವೇ ಎತ್ತಿದೆ. ನೀರು ನಿಧಾನಕ್ಕೆ ಏರಿ ಬೋಟ್ ಸಮವಾಯಿತು. ಆವತ್ತು ಇನ್ನೊಂದು ನಿಮಿಷ ತಡವಾಗಿದ್ದರೆ ಬೋಟ್ ಮುಳುಗುತ್ತಿತ್ತು. ಈ ಕ್ರಮ ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ: ಮೊದಲು ಕೆಳಗಿನದು ಮುಚ್ಚಿ, ಆಮೇಲೆ ಮೇಲಿನದು ನಿಧಾನಕ್ಕೆ ತೆಗೆಯಿರಿ.

ಅವತ್ತಿಂದ ಲಾಕಿನಲ್ಲಿ ನಮ್ಮ ಮಾತೆಲ್ಲ ಕೈಸನ್ನೆ. ನಾನು ಹೆಬ್ಬೆರಳು ಎತ್ತುವವರೆಗೆ ಅವರು ಪ್ಯಾಡಲ್ ಮುಟ್ಟಲ್ಲ. ಮೊದಲು ಅರ್ಧ, ನನ್ನ ಕಡೆ ನೋಡಿ ಇನ್ನರ್ಧ. ಎರಡೂ ಕೈ ತಲೆ ಮೇಲೆ ಅಡ್ಡ ಹಿಡಿದರೆ ಎಲ್ಲ ಮುಚ್ಚು ಅಂತ, ಕಾರಣ ಕೇಳೋ ಹಾಗಿಲ್ಲ. ಪ್ಯಾಡಲ್ ಎತ್ತಿದ ಮೇಲೆ ಅದನ್ನು ತಡೆದು ಹಿಡಿಯುವ ಕೊಕ್ಕೆ ಚಕ್ರದ ಹಲ್ಲಿಗೆ ಕೂತಿದೆಯಾ ನೋಡಿ ವಿಂಡ್‌ಲಾಸ್ ಕೈಗೆ ತೆಗೆದುಕೊಳ್ಳಬೇಕು. ಅಲ್ಲೇ ಬಿಟ್ಟರೆ, ಕೊಕ್ಕೆ ಜಾರಿದಾಗ ಅದು ಗರಗರ ತಿರುಗಿ ಕೈಮೂಳೆ ಮುರಿಯುತ್ತೆ. ಇಳಿಯುವಾಗ ಹಗ್ಗ ಗಂಟು ಹಾಕಬೇಡಿ, ಬೋಟ್ ಅದರಲ್ಲೇ ನೇತಾಡುತ್ತೆ. ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದು ಸಡಿಲ ಬಿಡುತ್ತಾ ಹೋಗಿ.

ಗ್ರಿಂಡ್ಲಿ ಬ್ರೂಕ್‌ನಲ್ಲಿ ಮೂರು ಲಾಕ್ ಒಂದಕ್ಕೊಂದು ಅಂಟಿಕೊಂಡಿವೆ. ಸೀಸನ್‌ನಲ್ಲಿ ಹಗಲು ಹೊತ್ತು ಲಾಕ್ ಕೀಪರ್ ಇರುತ್ತಾರೆ, ಅವರು ಹೇಳಿದ ಮೇಲೆಯೇ ಒಳಗೆ ಹೋಗಿ.

ಚರ್ಕ್ ಊರು ಬಂದಮೇಲೆ ಕಷ್ಟ ಬೇರೆ ಥರ. ಚರ್ಕ್ ಮೇಲ್ಗಾಲುವೆ (ಕಣಿವೆ ದಾಟಿಸುವ, ಸೇತುವೆ ಮೇಲಿನ ಕಾಲುವೆ) ದಾಟಿದ ಕೂಡಲೇ 459 ಗಜದ ಸುರಂಗ, ಅದರಲ್ಲಿ ಒಂದೇ ಬೋಟಿಗೆ ಜಾಗ. ಎದುರಿನಿಂದ ಬೆಳಕು ಕಂಡರೆ ಕಾಯಿರಿ. ಹರಿವಿಗೆ ಎದುರಾಗಿ ಹೋಗುವಾಗ ಬೋಟ್ ನಿಂತೇಬಿಟ್ಟಿತು ಅನ್ನಿಸುತ್ತೆ, ಆದರೂ ಇಂಜಿನ್ ಜಾಸ್ತಿ ಮಾಡಬೇಡಿ, ಹಿಂಭಾಗ ತಳಕ್ಕೆ ಕಚ್ಚಿಕೊಂಡು ಇನ್ನೂ ನಿಧಾನ ಆಗುತ್ತೆ.

ಆಮೇಲೆ ಪಾಂಟ್‌ಕಸಲ್ತೆ ಮೇಲ್ಗಾಲುವೆ. ಟೆಲ್ಫೋರ್ಡ್ ಮತ್ತು ಜೆಸಪ್ ಅನ್ನೋ ಎಂಜಿನಿಯರುಗಳು ಕಟ್ಟಿ 1805ರಲ್ಲಿ ತೆರೆದದ್ದು. 126 ಅಡಿ ಎತ್ತರದಲ್ಲಿ ಎರಕದ ಕಬ್ಬಿಣದ ತೊಟ್ಟಿಯೊಳಗೆ ಕಾಲುವೆ ಹೋಗುತ್ತೆ. ನಡೆಯುವ ದಾರಿ ಕಡೆ ಕಂಬಿ ಇದೆ. ಇನ್ನೊಂದು ಕಡೆ ತೊಟ್ಟಿಯ ಅಂಚು ಬಿಟ್ಟರೆ ಏನೂ ಇಲ್ಲ, ಟಿಲ್ಲರ್ ಹಿಡಿದವರ ಕಾಲ ಪಕ್ಕದಲ್ಲೇ ಕಣಿವೆ. ಬೋಟ್ ತೊಟ್ಟಿ ಬಿಟ್ಟು ಎಲ್ಲೂ ಹೋಗಲ್ಲ, ಆದರೆ ಇದೊಂದು ಕಡೆ ಮಾತ್ರ ನೀವು ಟಿಲ್ಲರ್ ಹಿಡಿಯಿರಿ, ನಿಮ್ಮ ಮನೆಯವರು ದಾರಿಯಲ್ಲಿ ಕಂಬಿ ಹಿಡಿದು ನಡೆದು ಬರಲಿ. ನಾನು ಮೊದಲ ಸಲ ಹಾಗೇ ದಾಟಿದ್ದು. ಕೆಳಗೆ ಡೀ ನದಿ, ಪಕ್ಕದಲ್ಲಿ ನಮ್ಮದೇ ಬೋಟ್, ಅದರ ಹಿಂದೆ ನಮ್ಮವರು ಉಸಿರು ಬಿಗಿಹಿಡಿದು ನಿಂತಿದ್ದು ಇನ್ನೂ ಕಣ್ಣಲ್ಲಿದೆ.

ಅದರಾಚೆಯ ಟ್ರೆವರ್ ಊರು ದಾಟಿ ಲಾಂಗೊಲೆನ್ ಹತ್ತಿರವಾದಂತೆ ಎರಡು ಬೋಟ್ ಹಿಡಿಸದ ಇಕ್ಕಟ್ಟಿನ ಜಾಗಗಳಿವೆ. ಒಬ್ಬರು ಇಳಿದು ಮುಂದೆ ನಡೆದು, ದಾರಿ ಖಾಲಿ ಇದೆ ಅಂತ ಫೋನ್ ಮಾಡಿದ ಮೇಲೆ ಇನ್ನೊಬ್ಬರು ಬೋಟ್ ತರಬೇಕು.

ಹರಿವಿನ ಜೊತೆ ಕಸ ಬರುತ್ತೆ, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಇಂಜಿನ್ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡೇ ವೀಡ್ ಹ್ಯಾಚ್ (ಪ್ರೊಪೆಲ್ಲರ್‌ಗೆ ಕೈ ಹಾಕೋಕೆ ಇರುವ ಮುಚ್ಚಳ) ತೆಗೆಯಿರಿ. ಮತ್ತೆ ಶುರು ಮಾಡುವ ಮುಂಚೆ ಮುಚ್ಚಳ ಬಿಗಿಯಾಗಿದೆಯಾ ಇಬ್ಬರೂ ನೋಡಿ, ಇಲ್ಲದಿದ್ದರೆ ಪ್ರೊಪೆಲ್ಲರ್ ಎಬ್ಬಿಸುವ ನೀರೆಲ್ಲ ಇಂಜಿನ್ ಕೋಣೆಗೆ ಬರುತ್ತೆ. ಹೊರಡುವ ಮೊದಲು ನಿಮ್ಮ ಮನೆಯವರನ್ನು ಕರೆದುಕೊಂಡು ಹರ್ಲ್‌ಸ್ಟನ್‌ಗೆ ಬೋಟ್ ಇಲ್ಲದೆ ಹೋಗಿ ಒಂದು ಗಂಟೆ ನಿಂತು ಬನ್ನಿ. ನಾಲ್ಕು ಲಾಕ್ ಸಾಲಾಗಿವೆ, ಬೇರೆಯವರು ಏರೋದು ಇಳಿಯೋದು ಎರಡೂ ನೋಡಲು ಸಿಗುತ್ತೆ. ಬಿಳಿ ಗೆರೆ ಎಲ್ಲಿದೆ ಅಂತ ಅವರ ಕೈಯಲ್ಲೇ ಹುಡುಕಿಸಿ.