ಗೇಮ್ ಡಿಸೈನ್ ಕೋರ್ಸ್ ಅಂದರೆ ದಿನಾ ಗೇಮ್ ಆಡೋದೇನಾ? ನಿಜವಾಗಿ ಏನು ಕಲಿಸುತ್ತಾರೆ?

ನಾನು ಈಗ ಎರಡನೇ ವರ್ಷದಲ್ಲಿದ್ದೇನೆ. ಆಡೋದು ಕಡಿಮೆ, ಆಡುವವರನ್ನು ನೋಡೋದೇ ಜಾಸ್ತಿ.

ಮೊದಲ ಸೆಮಿಸ್ಟರ್ ಪೂರ್ತಿ ಪೇಪರ್, ಕತ್ತರಿ, ಅಂಟು. ಗೊತ್ತಿರುವ ಆಟವೊಂದನ್ನು ಬಿಚ್ಚಿ ನೋಡಿ ಅಂದಾಗ ನಮ್ಮ ಗುಂಪು ಚೌಕಾಬಾರ ಹಿಡಿಯಿತು. ನಾಲ್ಕು ಕವಡೆ ಎಸೆದರೆ 16 ಸಾಧ್ಯತೆ, ಅದರಲ್ಲಿ ಎರಡು ಬೀಳೋದು 6, ಎಂಟು ಅಂದರೆ ಬಾರ ಬೀಳೋದು ಒಂದೇ ಒಂದು (ಕವಡೆ ನಾಣ್ಯದಷ್ಟು ಸಮ ಇರಲ್ಲ, ಲೆಕ್ಕ ಸ್ವಲ್ಪ ಆಚೀಚೆ ಆಗುತ್ತೆ ಬಿಡಿ). ಅಜ್ಜಿ ಮನೆಯಲ್ಲಿ ಬಾರ ಬಿದ್ದಾಗ ಅಷ್ಟು ಕೂಗಾಟ ಯಾಕೆ ಅಂತ ಆಗ ಹೊಳೆಯಿತು. ಚೌಕ, ಬಾರಕ್ಕೆ ಸಿಗುವ ಇನ್ನೊಂದು ಎಸೆತ ತೆಗೆದು ನೋಡಿದೆವು. ಹತ್ತೇ ನಿಮಿಷಕ್ಕೆ ಎಲ್ಲರೂ ಮೊಬೈಲ್ ತೆಗೆದರು.

ಆಮೇಲೆ ಗೇಮ್ ಕಟ್ಟುವ ಸಾಫ್ಟ್‌ವೇರ್ ಯೂನಿಟಿ, ಅದರಲ್ಲಿ ಕೋಡ್ ಬರೆಯುವ ಭಾಷೆ ಸಿ ಶಾರ್ಪ್. ನನ್ನ ಮೊದಲ ಗೇಮಿನ ಹುಡುಗ ಹಳೇ ಲ್ಯಾಪ್‌ಟಾಪ್‌ನಲ್ಲಿ ನೆಟ್ಟಗೆ ಓಡುತ್ತಿದ್ದ, ಲ್ಯಾಬ್ ಕಂಪ್ಯೂಟರಿನಲ್ಲಿ ಮಾತ್ರ ಬಾಣದ ಹಾಗೆ ಹೋಗಿ ಗೋಡೆಗೆ ಬಡಿಯುತ್ತಿದ್ದ. ವೇಗವನ್ನು ಡೆಲ್ಟಾ ಟೈಮ್‌ನಿಂದ (ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರ, ಹೋಗಿ ಇನ್ನೊಂದು ಬರುವಷ್ಟರ ಸಮಯ) ಗುಣಿಸೋದು ಮರೆತಿದ್ದೆ, ಹಾಗಾಗಿ ಸೆಕೆಂಡಿಗೆ ಫ್ರೇಮ್ ಜಾಸ್ತಿ ಆದಷ್ಟೂ ಅವನ ಓಟವೂ ಜಾಸ್ತಿ. ಇಷ್ಟು ಹುಡುಕಲು ಎರಡು ರಾತ್ರಿ ಹೋಯಿತು.

ಸೌಂಡ್, ವಿಡಿಯೊ ಎಡಿಟಿಂಗ್ ಕೂಡ ಇದೆ, ಅವು ಹೇಗೋ ಆಗುತ್ತವೆ. ಕಷ್ಟ ಅಂದರೆ ಪ್ಲೇಟೆಸ್ಟ್. ಬೇರೆಯವರು ನಿಮ್ಮ ಗೇಮ್ ಆಡುವಾಗ ನೀವು ಸುಮ್ನೆ ಕೂತು ಬರೆದುಕೊಳ್ಳಬೇಕು, ಸುಳಿವು ಕೊಡುವಂತಿಲ್ಲ. ನನ್ನ ರೂಮ್‌ಮೇಟ್ ಒಂದು ಬಾಗಿಲ ಮುಂದೆ ನಾಲ್ಕು ನಿಮಿಷ ನಿಂತಿದ್ದ. ಬೀಗದ ಕೈ ಅವನ ಹಿಂದೆಯೇ ಬಿದ್ದಿತ್ತು, ನೆಲದ ಬಣ್ಣದಲ್ಲೇ.