‘ಮಾರಿಸ್’ ಹಿಡಿಸದ ಓದುಗರಿಗೆ: ಸಂಪಾದಕರ ಉತ್ತರ

ಮಾನ್ಯರೇ,

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಅವರ ‘ಮಾರಿಸ್’ ಕಾದಂಬರಿ ಓದಿ ನಿರಾಶರಾಗಿ ತಾವು ಬರೆದ ಪತ್ರ ತಲುಪಿದೆ. ಕೇಂಬ್ರಿಜ್‌ನಲ್ಲಿ ಓದುವ ಇಬ್ಬರು ಗೆಳೆಯರ ಸ್ನೇಹ ಮೆಲ್ಲಗೆ ಪ್ರೇಮವಾಗುವ ಕತೆಯೆಂದು ಓದತೊಡಗಿದರೆ ಆ ಪ್ರೇಮ ನಡುವೆಯೇ ಮುರಿದು ಬೀಳುತ್ತದೆ. ಮಾರಿಸ್ ಹಾಲ್ ಸೊಕ್ಕಿನವನು, ಕ್ಲೈವ್ ಡರ್ಹ್ಯಾಮ್ ಪುಕ್ಕಲ, ಕಡೆಗೆ ಬರುವ, ಕ್ಲೈವ್‌ನ ಮನೆತನದ ಆಳಾದ ಅಲೆಕ್ ಸ್ಕಡರ್ ಬೆದರಿಕೆಯ ಕಾಗದ ಬರೆಯುವವನು. ಇವರಲ್ಲಿ ಯಾರ ಸುಖವನ್ನು ಬಯಸಬೇಕು ಎಂಬುದು ತಮ್ಮ ಪ್ರಶ್ನೆ. ಇಂಥ ಪುಸ್ತಕವನ್ನು ನಮ್ಮ ಪತ್ರಿಕೆ ಏಕೆ ಶಿಫಾರಸು ಮಾಡಿತು ಎಂದೂ ಕೇಳಿದ್ದೀರಿ.

ತಮ್ಮ ನಿರಾಶೆ ನನಗೂ ಇದೆ, ಆದರೆ ಕಾರಣ ಬೇರೆ. ಮಾರಿಸ್ ಹಿಡಿಸದಿರುವುದು ಕಾದಂಬರಿಕಾರರ ಕೈತಪ್ಪಿ ಆದದ್ದಲ್ಲ. ತನಗಿಂತ ತೀರ ಭಿನ್ನನಾದ ಒಬ್ಬನನ್ನು, ನೋಡಲು ಚೆಂದದ, ಗಟ್ಟಿಮುಟ್ಟಾದ, ಬುದ್ಧಿ ಅಷ್ಟು ಚುರುಕಿಲ್ಲದ, ವ್ಯವಹಾರ ಬಲ್ಲ, ತುಸು ಜಂಬದ ಮನುಷ್ಯನನ್ನು ಬೇಕೆಂದೇ ಸೃಷ್ಟಿಸಿದೆನೆಂದು ಫಾರ್ಸ್ಟರ್ 1960ರಲ್ಲಿ ಬರೆದ ಹಿನ್ನುಡಿಯಲ್ಲಿ ತಿಳಿಸಿದ್ದಾರೆ. ಗಂಡಸರೊಡನೆ ಸಂಬಂಧವಿಟ್ಟ ಕಾರಣಕ್ಕೆ 1895ರಲ್ಲಿ ಸಾಹಿತಿ ಆಸ್ಕರ್ ವೈಲ್ಡ್ ಜೈಲಿಗೆ ಹೋದ ನಾಡಿನಲ್ಲಿ, ಕಥಾನಾಯಕ ಕವಿಯೋ ಕಲಾವಿದನೋ ಆಗಿದ್ದರೆ ಓದುಗರು ಅವನಿಗೊಂದು ರಿಯಾಯಿತಿ ಕೊಟ್ಟು ಸುಮ್ಮನಾಗುತ್ತಿದ್ದರು. ತಾಯಿ ಮತ್ತು ತಂಗಿಯರ ಮೇಲೆ ದರ್ಪ ತೋರುವ ಈ ಷೇರು ದಲ್ಲಾಳಿಗೆ ಆ ರಿಯಾಯಿತಿ ದೊರೆಯುವುದಿಲ್ಲ. ಪ್ರೀತಿಸುವ ಹಕ್ಕು ಸಜ್ಜನಿಕೆಗೆ ಸಿಗುವ ಬಹುಮಾನವಲ್ಲ ಎಂಬ ಮಾತನ್ನು ಹೇಳಲು ಫಾರ್ಸ್ಟರ್‌ಗೆ ಇಂಥವನೇ ಬೇಕಿದ್ದ.

ಹಿಡಿಸದ ಪಾತ್ರವನ್ನಿಟ್ಟುಕೊಂಡು ಸ್ನೇಹದಿಂದ ಪ್ರೇಮಕ್ಕೆ ನಡೆಯುವ ಕತೆ ಬರೆಯಲಾಗದು ಎಂಬ ತಮ್ಮ ಮಾತನ್ನೂ ಒಪ್ಪಲಾರೆ. 1815ರ ಕೊನೆಯಲ್ಲಿ ಹೊರಬಂದ ‘ಎಮ್ಮಾ’ವನ್ನು ನೋಡಿ. ತನ್ನ ಹೊರತು ಬೇರಾರೂ ಅಷ್ಟಾಗಿ ಮೆಚ್ಚದ ನಾಯಕಿಯನ್ನು ತರುತ್ತೇನೆಂದು ಹೇಳಿಯೇ ಜೇನ್ ಆಸ್ಟಿನ್ ಅದನ್ನು ಬರೆಯಲು ಕುಳಿತರೆಂದು ಅವರ ಸೋದರಳಿಯ ದಾಖಲಿಸಿದ್ದಾರೆ. ಬಾಕ್ಸ್ ಹಿಲ್‌ನ ವಿಹಾರದಲ್ಲಿ ಎಮ್ಮಾ ಬಡ ಮಿಸ್ ಬೇಟ್ಸ್‌ಳನ್ನು ಎಲ್ಲರೆದುರು ಹೀಯಾಳಿಸಿದಾಗ, ಬಹುಕಾಲದ ಗೆಳೆಯ, ಮುಂದೆ ಅವಳ ಕೈಹಿಡಿಯುವ ನೈಟ್ಲಿ ಅವಳನ್ನು ಮುಖಕ್ಕೆ ಮುಖ ಕೊಟ್ಟು ಗದರಿಸುತ್ತಾನೆ. ಅವಳ ಕೇಡನ್ನು ಕಂಡೂ ಬಿಟ್ಟುಹೋಗದ ಒಬ್ಬನು ಅಲ್ಲಿದ್ದಾನೆ. ಆದ್ದರಿಂದ ನಾವೂ ಅವಳನ್ನು ಬಿಡುವುದಿಲ್ಲ. ಕ್ಲೈವ್ ತನ್ನ ಗೆಳೆಯನಿಗೆ ಪ್ಲೇಟೋ ಓದಿಸುತ್ತಾನೆ, ಆದರೆ ಮನೆಯ ಹೆಂಗಸರೊಡನೆ ಆ ಗೆಳೆಯ ನಡೆದುಕೊಳ್ಳುವ ರೀತಿಗೆ ಅವನಿಂದ ಅಂಥ ತಡೆ ಬರುವುದಿಲ್ಲ.

ಕಾದಂಬರಿ ನಿಜವಾಗಿ ಸೋಲುವುದು ಕ್ಲೈವ್‌ನ ವಿಷಯದಲ್ಲಿ. ಮೊದಲು ಪ್ರೀತಿಯನ್ನು ಬಾಯಿಬಿಟ್ಟು ಹೇಳಿ, ಛೀಮಾರಿ ತಿಂದು, ಆಮೇಲೆ ಕಿಟಕಿ ಹತ್ತಿ ಬಂದ ಮಾರಿಸ್‌ನನ್ನು ಒಪ್ಪಿಕೊಂಡವನು ಅವನೇ. ಅಂಥವನು ಗ್ರೀಸ್‌ಗೆ ಹೋಗಿ, ತನ್ನ ಇಚ್ಛೆಗೆ ವಿರುದ್ಧವಾಗಿ ತಾನು ಎಲ್ಲರಂತಾಗಿಬಿಟ್ಟೆನೆಂದು ಅಲ್ಲಿಂದ ಒಂದು ಪತ್ರ ಬರೆದು ಕೈತೊಳೆದುಕೊಳ್ಳುತ್ತಾನೆ. ವಸುಧೇಂದ್ರರ ‘ಮೋಹನಸ್ವಾಮಿ’ಯಲ್ಲಿ ನಾಯಕನ ಸಂಗಾತಿ ಕಾರ್ತಿಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ನಮಗೆ ಸಂಕಟವಾಗುತ್ತದೆಯೇ ಹೊರತು ಅಪನಂಬಿಕೆಯಲ್ಲ. ಕ್ಲೈವ್‌ನ ಬದಲಾವಣೆಯ ಒಳಗನ್ನು ಫಾರ್ಸ್ಟರ್ ತೆರೆದು ತೋರಿಸುವುದಿಲ್ಲ. ಅಲ್ಲಿಂದ ಮುಂದೆ ಅವನನ್ನು ಕುಟುಕುವುದರಲ್ಲೇ ತೃಪ್ತರಾಗುತ್ತಾರೆ. ಹಾಗೆ ಅತಿಯಾಗಿ ಕುಟುಕಿರಬಹುದೆಂದು ಆ ಹಿನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅಲೆಕ್ ಏಣಿ ಹಾಕಿ ಕಿಟಕಿಯಿಂದ ಒಳಬರುವ ಹೊತ್ತಿಗೆ ಅವನ ಬಗ್ಗೆ ನಮಗೆ ತಿಳಿದಿರುವುದು ಅತ್ಯಲ್ಪ. ಹಸ್ತಪ್ರತಿ ಓದಿದ ಫಾರ್ಸ್ಟರ್‌ರ ಗೆಳೆಯ, ಬರಹಗಾರ ಲಿಟನ್ ಸ್ಟ್ರೇಚಿ, ಮಾರಿಸ್ ಮತ್ತು ಅಲೆಕ್‌ರ ಸಂಬಂಧ ಹೆಚ್ಚು ಕಾಲ ಬಾಳದೆಂದು ಲೇಖಕರಿಗೇ ಬರೆದಿದ್ದರು. ತಮ್ಮ ದೂರಿಗೆ ಶತಮಾನದ ಹಿಂದೆಯೇ ಒಬ್ಬ ಸಾಕ್ಷಿಯಿದ್ದಾರೆ!

ಈ ಅವಸರಕ್ಕೂ ಒಂದು ಕಾರಣವಿತ್ತು. 1913-14ರಲ್ಲಿ ಬರೆದ ಈ ಕತೆಗೆ ಸುಖಾಂತ್ಯ ಇರಲೇಬೇಕೆಂದು ಫಾರ್ಸ್ಟರ್ ಹಟ ಹಿಡಿದಿದ್ದರು. ನೇಣಿನಲ್ಲೋ ಆತ್ಮಹತ್ಯೆಯಲ್ಲೋ ಮುಗಿದಿದ್ದರೆ ಪ್ರಕಟಿಸುವುದು ಸುಲಭವಾಗುತ್ತಿತ್ತು. ಇಬ್ಬರನ್ನೂ ಶಿಕ್ಷೆಯಿಲ್ಲದೆ ಕಾಡಿಗೆ ಕಳಿಸಿದ್ದರಿಂದ ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯಿತು. ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಇಂಗ್ಲೆಂಡಿನ ಕಾನೂನು 1967ರಲ್ಲಿ ಬದಲಾಯಿತು. ಲೇಖಕರು 1970ರಲ್ಲಿ ತೀರಿಕೊಂಡರು. ಕಾದಂಬರಿ ಅಚ್ಚಾದದ್ದು 1971ರಲ್ಲಿ. ಅದೇ ದೊರೆಗಳು 1860ರಲ್ಲಿ ನಮಗೆ ಕೊಟ್ಟ ದಂಡ ಸಂಹಿತೆಯ 377ನೇ ಕಲಮಿನ ಹಿಡಿತ ವಯಸ್ಕರ ಸಮ್ಮತ ಸಂಬಂಧಗಳ ಮೇಲಿಂದ ಸಡಿಲಗೊಳ್ಳಲು 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಆದರೂ ಚರಿತ್ರೆಯ ಮಹತ್ವವೊಂದೇ ಪುಸ್ತಕವನ್ನು ಓದಿಸಿಕೊಂಡು ಹೋಗದು ಎಂಬ ತಮ್ಮ ಆಕ್ಷೇಪ ನ್ಯಾಯವಾದದ್ದೇ.

ಶಿಫಾರಸನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ಬಿಡುವಾದಾಗ ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಸಂಗವೊಂದನ್ನು ಇನ್ನೊಮ್ಮೆ ಓದಿ ನೋಡಿ. ಪರಸ್ಪರ ಹೆದರುತ್ತ, ಹೆದರಿಸುತ್ತ ಓಡಾಡುವ ಮಾರಿಸ್ ಮತ್ತು ಅಲೆಕ್‌ಗೆ ಅಲ್ಲಿ ಮಾರಿಸ್‌ನ ಹಳೆಯ ಮೇಷ್ಟ್ರು ಎದುರಾಗಿ, ಅವನನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. ಅಂತಸ್ತಿನ ಜಂಬದ ಆ ಮನುಷ್ಯ ತನ್ನ ಹೆಸರು ಸ್ಕಡರ್ ಎನ್ನುತ್ತಾನೆ, ಆಳಾಗಿರುವವನ ಹೆಸರನ್ನು ತನ್ನದೆಂದು ಹೇಳಿಕೊಳ್ಳುತ್ತಾನೆ. ಅಲೆಕ್‌ನ ಬೆದರಿಕೆ ಕರಗತೊಡಗುವುದು ಅದಾದ ಮೇಲೆಯೇ.

— ಸಂಪಾದಕ